ಶಾರದವ್ವನ ಸೈಕಲ್ಲಿನ ಬ್ರೇಕು

ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಎರಡು ತಿಂಗಳು ನಾನು ಅನ್ನ ಉಂಡದ್ದಕ್ಕಿಂತ ಹೊಟ್ಟೆ ಉರಿದುಕೊಂಡದ್ದೇ ಹೆಚ್ಚು. ಈಗ ನೆನೆದರೆ ನಾಚಿಕೆಯಾಗುತ್ತದೆ. ಆಗ ಆಗಿರಲಿಲ್ಲ.

ಬನವಾಸಿಯಿಂದ ಆರು ಕಿಲೋಮೀಟರ್ ಈಚೆ ನಮ್ಮೂರು. ಅಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ನಾಲ್ಕು ವರ್ಷದ ಹಿಂದೆ ಹೈಸ್ಕೂಲಿನ ಇಬ್ಬರು ಹುಡುಗಿಯರು ಕೆರೆ ಏರಿಯ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಬಿದ್ದರು; ಒಬ್ಬಳ ಕೈ ಮುರಿಯಿತು. ಆ ಬ್ರೇಕನ್ನು ವರ್ಷದಿಂದ ಯಾರೂ ಮುಟ್ಟಿ ನೋಡಿರಲಿಲ್ಲವಂತೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮುಂದಿನ ಭಾನುವಾರವೇ ಶಾಲೆಯ ಬಯಲಿನಲ್ಲಿ ನಿಂತು, ಬಂದವರ ಸೈಕಲ್ಲಿನ ಬ್ರೇಕು, ಬೆಲ್ಲು, ಟೈರು ನೋಡತೊಡಗಿದೆ. ಎಲ್ಲ ಸರಿ ಇದ್ದರೆ ಅಂಗಡಿಯಲ್ಲಿ ಉಳಿದ ಹಳದಿ ಬಟ್ಟೆಯ ಚೂರೊಂದನ್ನು ಹ್ಯಾಂಡಲ್ಲಿಗೆ ಕಟ್ಟುತ್ತಿದ್ದೆ. ಜನ ಸೇರಿಕೊಂಡರು. ಹೆಂಗಸರಿಗೆ ಸೈಕಲ್ ಕಲಿಸುವುದು ಶುರುವಾಯಿತು. ಸೀರೆಯ ನೆರಿಗೆ ಚೈನಿಗೆ ಸಿಗದಂತೆ ಎಲಾಸ್ಟಿಕ್ ಪಟ್ಟಿ ಹೊಲಿದುಕೊಟ್ಟೆ. ತಿಂಗಳ ಕೊನೆಯ ಭಾನುವಾರ ಎಲ್ಲರೂ ಸಾಲಾಗಿ ಬನವಾಸಿಗೆ ಹೋಗಿಬರುವುದು ರೂಢಿಯಾಯಿತು. ಹಳದಿ ಚೂರು ಇಲ್ಲದ ಸೈಕಲ್ಲು ಆ ಸಾಲಿನಲ್ಲಿ ಬರುವಂತಿರಲಿಲ್ಲ. ನಮ್ಮ ಮನೆಯವರ ಸೈಕಲ್ಲನ್ನೇ ಒಮ್ಮೆ ವಾಪಸ್ ಕಳಿಸಿದ್ದೇನೆ. ಅವತ್ತಿನಿಂದ ಅವರು ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ, ಊರು ಮಾತ್ರ ನನ್ನನ್ನು ಹೊಗಳಿತು.

ಇಪ್ಪತ್ತೆಂಟು ಹೆಂಗಸರಿಗೆ ಕಲಿಸಿದ್ದೆ, ಆದರೆ ನನ್ನ ಶಾರದವ್ವನಿಗೆ ಕಲಿಸಲಾಗಲಿಲ್ಲ. ಒಂದೇ ಓಣಿಗೆ ಸೊಸೆಯರಾಗಿ ಬಂದವರು ನಾವು. ಮೂವತ್ತು ವರ್ಷದಿಂದ ಒಬ್ಬರ ಮನೆಯ ಸಾರು ಇನ್ನೊಬ್ಬರು ಉಂಡವರು. ದಿನಾ ಹಾಲಿನ ಕ್ಯಾನು ಹೊತ್ತುಕೊಂಡು ಡೈರಿಗೆ ನಡೆಯುತ್ತಾಳೆ, ಸೈಕಲ್ ಕಲಿ ಮಾರಾಯ್ತಿ ಎಂದು ಮೂರು ವರ್ಷ ಬೆನ್ನು ಹತ್ತಿದೆ. ಎರಡು ಸಲ ಹತ್ತಿದಳು, ಎರಡು ಸಲ ಬಿದ್ದಳು. ಆಮೇಲೆ "ನನ್ನ ಹಣೀಬರದಾಗ ಸೈಕಲ್ ಇಲ್ಲ ಬಿಡ" ಎಂದು ನಕ್ಕು ಸುಮ್ಮನಾದಳು.

ಅಷ್ಟರಲ್ಲಿ ರಮ್ಯಶ್ರೀ ಬಂದಳು. ಯಲ್ಲಾಪುರ ಕಡೆಯ ನಂದೊಳ್ಳಿಯವಳು, ನಮ್ಮೂರ ಶಾಲೆಗೆ ಹೊಸದಾಗಿ ಬಂದ ಪಿ.ಟಿ. ಟೀಚರು. ಇಪ್ಪತ್ತೆಂಟು ವರ್ಷ, ಬಳುಕುವ ಮೈ, ಮಾತಿಗೊಮ್ಮೆ ನಗು. ಬಂದ ಮೊದಲ ಭಾನುವಾರವೇ "ನಾನೂ ನಿಮ್ಮ ಸಂಗ್ತಿ ಸೇರ್ಕೊಳ್ಳಲಾ ಅಕ್ಕಾ?" ಎಂದು ಕೇಳಿದಳು. ಸೇರಿಕೋ ಎಂದೆ. ಅದು ನನ್ನದೇ ತಪ್ಪು. ಅವಳು ಸೈಕಲ್ಲಿನ ಎರಡೂ ಪೆಡಲ್ ಬಿಚ್ಚಿ, ಸೀಟು ತಗ್ಗಿಸಿ, ಕಾಲಿನಿಂದ ನೆಲ ಒತ್ತುತ್ತಾ ಹೋಗಿ ಎನ್ನುತ್ತಿದ್ದಳು. ಯಾರೂ ಹಿಂದೆ ಹಿಡಿದುಕೊಳ್ಳುವುದಿಲ್ಲ, ಯಾರೂ ಬೀಳುವುದೂ ಇಲ್ಲ. ನಾಲ್ಕು ವರ್ಷ ಸೈಕಲ್ಲಿನ ಹಿಂದೆ ಕ್ಯಾರಿಯರ್ ಹಿಡಿದು ಓಡಿ ಓಡಿ ಮಂಡಿ ಸವೆಸಿಕೊಂಡ ನಾನು ಒಂದು ಬದಿಗೆ ನಿಂತು ನೋಡಬೇಕಾಯಿತು. ಹೆಂಗಸರೆಲ್ಲ ಅವಳನ್ನು ತಲೆಯ ಮೇಲೆ ಹೊತ್ತುಕೊಂಡರು. ಹುಟ್ಟಿದಾಗಿನಿಂದ 'ಏನು' ಎನ್ನುತ್ತಿದ್ದವರು ಅವಳ ಹಾಗೆ 'ಎಂತ' ಎನ್ನತೊಡಗಿದರು. ನನ್ನ ಅಂಗಡಿಯಲ್ಲೇ ಕೂತು, ನನಗೇ, "ಎಂತ ದಾಕ್ಷಾಯಿಣಕ್ಕ!" ಎಂದರೆ ಮೈ ಉರಿಯದೇ ಇರುತ್ತದೆಯೇ?

ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಒಂದು ಬುಧವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದೆ. ಬೆಲ್ಲು ಕೇಳಿಸಿತು. ತಿರುಗಿ ನೋಡಿದರೆ ಶಾರದವ್ವ! ಹ್ಯಾಂಡಲ್ಲಿನ ಎರಡೂ ಬದಿಗೆ ಹಾಲಿನ ಕ್ಯಾನು, ಬೆನ್ನು ನೆಟ್ಟಗೆ, ಸೈಕಲ್ ಮೇಲೆ ಹೋಗುತ್ತಿದ್ದಾಳೆ. ನನ್ನನ್ನು ಕಂಡು ಇಳಿದಳು.

"ಯಾವಾಗ ಕಲ್ತಿ?" ಎಂದೆ.

"ಹನ್ನೆರಡು ದಿನ ಆತು. ರಮ್ಯಶ್ರೀ ಸಂಜಿಮುಂದ ಬಂದು ಹಿತ್ತಲದಾಗ ಕಲಿಸಿದ್ಲು. ನಿನಗ ಒಮ್ಮೆಲೆ ತೋರಸೋಣ ಅಂತ ಹೇಳಿರಲಿಲ್ಲ." ಮುಖವೆಲ್ಲ ನಗು.

"ನಾ ಮೂರು ವರ್ಷ ಬೆನ್ನು ಹತ್ತಿದೆನಲ್ಲ, ಆವಾಗ ಏನಾಗಿತ್ತು ನಿನಗ?"

ಅವಳ ನಗು ಸ್ವಲ್ಪ ಇಳಿಯಿತು. "ಸಿಟ್ಟಾಗಬ್ಯಾಡ ದಾಕ್ಷಿ. ನಾ ಬಿದ್ದಿದ್ದನ್ನ ನೀ ಅಂಗಡ್ಯಾಗ ಕುಂತು ಹತ್ತು ಮಂದಿಗೆ ಮಾಡಿ ತೋರಿಸಿದಿ. ನನ್ನ ಮಗಳಿಗೂ ಗೊತ್ತಾತು. ನಗಸೋದು ನಿನ್ನ ಸ್ವಭಾವ, ನನಗ ಗೊತ್ತೈತಿ. ಆದ್ರ ಮತ್ತ ಹತ್ತಾಕ ಮನಸಾಗಲಿಲ್ಲ ನೋಡು."

ಮಾಡಿ ತೋರಿಸಿದ್ದು ನಿಜ. ಯಾರು ಬಿದ್ದರೂ ಹಾಗೆಯೇ ನಟಿಸಿ ತೋರಿಸುತ್ತಿದ್ದೆ. ಆದರೆ ಆ ಹೊತ್ತಿಗೆ ನಾಚಿಕೆಗಿಂತ ಮೊದಲು ಹೊಟ್ಟೆಯುರಿ ಎದ್ದಿತ್ತು. ನನ್ನ ಶಾರದವ್ವನನ್ನು ಮೊನ್ನೆ ಮೊನ್ನೆ ಬಂದವಳೊಬ್ಬಳು ಹನ್ನೆರಡು ದಿನದಲ್ಲಿ ತನ್ನವಳನ್ನಾಗಿ ಮಾಡಿಕೊಂಡಿದ್ದಳು.

ಆ ತಿಂಗಳ ಕೊನೆಯ ಭಾನುವಾರ ಶಾಲೆಯ ಬಯಲಿನಲ್ಲಿ ಮೂವತ್ತು ಸೈಕಲ್ಲು ಸೇರಿದವು. ಶಾರದವ್ವನಿಗೆ ಅದು ಮೊದಲ ಸವಾರಿ. ಹಸಿರು ಇಳಕಲ್ ಸೀರೆ ಉಟ್ಟು, ನಾನು ಹೊಲಿದುಕೊಟ್ಟ ಪಟ್ಟಿ ಕಾಲಿಗೆ ಹಾಕಿಕೊಂಡು ಮದುಮಗಳ ಹಾಗೆ ನಿಂತಿದ್ದಳು. ಪಕ್ಕದಲ್ಲಿ ರಮ್ಯಶ್ರೀ. ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು. ನನ್ನನ್ನು ಕಂಡೇ ನಕ್ಕರು ಎನ್ನಿಸಿತು.

ಅವಳ ಸರದಿ ಬಂತು. ಸೈಕಲ್ಲನ್ನು ಮುಂದೆ ನೂಕಿ ಹಿಂದಿನ ಬ್ರೇಕು ಒತ್ತಿದೆ. ಗಾಲಿ ಗಕ್ಕನೆ ನಿಂತಿತು. ಮುಂದಿನದೂ ಹಾಗೆಯೇ. ಬ್ರೇಕಿನ ರಬ್ಬರು ಹೊಸದು. ಚೀಲದಲ್ಲಿದ್ದ ಹಳದಿ ಚೂರಿಗೆ ಕೈ ಹಾಕಿದವಳು ಹಾಗೆಯೇ ಹಿಂದೆ ತೆಗೆದೆ.

"ಬ್ರೇಕ್ ಸರಿ ಇಲ್ಲ. ಈ ಸೈಕಲ್ ಹತ್ತಬ್ಯಾಡ."

ಮಾತು ನನ್ನ ಬಾಯಿಂದಲೇ ಬಂತು. ರಮ್ಯಶ್ರೀ, "ಎಂತ ಆಯ್ತು ಅಕ್ಕಾ? ಮೊನ್ನೆಯಷ್ಟೇ ರಬ್ಬರು ಹಾಕ್ಸಿದ್ದು..." ಎಂದು ಮುಂದೆ ಬಂದಳು. ಶಾರದವ್ವ ಅವಳ ಕೈ ಹಿಡಿದು ನಿಲ್ಲಿಸಿದಳು. ನನ್ನ ಮುಖ ನೋಡಿ, "ದಾಕ್ಷಿ ಇಲ್ಲ ಅಂದ್ಲಂದ್ರ ಇಲ್ಲ. ನೀವು ಹೋಗ್ರಿ" ಎಂದಳು. ರಮ್ಯಶ್ರೀ ತಾನೂ ಉಳಿಯುತ್ತೇನೆ ಎಂದರೂ ಶಾರದವ್ವ ಕೇಳಲಿಲ್ಲ, ಬಲವಂತದಿಂದ ಕಳಿಸಿದಳು.

ಸಾಲಿನ ಮುಂದೆ ನಾನೇ ಹೋದೆ. ಮೊದಲ ಒಂದು ಮೈಲಿ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಹಸಿರು ಸೀರೆ ಕಣ್ಣಿಗೆ ಕಟ್ಟಿತು. ಬನವಾಸಿಯಲ್ಲಿ ದೇವಸ್ಥಾನದ ಎದುರಿನ ಹೋಟೆಲಿನಲ್ಲಿ ಎಲ್ಲರೂ ಮಂಡಕ್ಕಿ, ಮಿರ್ಚಿ ಹೇಳಿದರು. ನಾನು ನನ್ನ ತಟ್ಟೆಯನ್ನು ಪಕ್ಕದವಳ ಕಡೆ ಸರಿಸಿದೆ.

ಒಂದು ತಾಸು ಕಳೆದಿರಬೇಕು. ರಮ್ಯಶ್ರೀ ಕೂಗಿಕೊಂಡು ರಸ್ತೆಗೆ ಓಡಿದಳು. ತಿರುವಿನಲ್ಲಿ ಶಾರದವ್ವ ಸೈಕಲ್ಲು ನೂಕಿಕೊಂಡು ಬರುತ್ತಿದ್ದಳು. ರವಿಕೆ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿತ್ತು.

"ಅಯ್ಯೋ, ಅಲ್ಲಿಂದ ನಡ್ಕೊಂಡೇ ಬಂದ್ರಾ?"

"ಹತ್ತಬ್ಯಾಡ ಅಂದಾಳ ದಾಕ್ಷಿ. ನೂಕಬ್ಯಾಡ ಅಂದಿಲ್ಲಲ್ಲ" ಎಂದು ಶಾರದವ್ವ ನಕ್ಕಳು. ಎಲ್ಲರೂ ನಕ್ಕರು. ಅವಳು ಹೋಟೆಲಿನ ಪಕ್ಕದ ನಲ್ಲಿಗೆ ಕಾಲು ತೊಳೆಯಲು ಹೋದಳು. ನಾನು ಹಿಂದೆಯೇ ಹೋದೆ. ಚಪ್ಪಲಿ ಕಚ್ಚಿ ಹಿಮ್ಮಡಿಯ ಚರ್ಮ ಸುಲಿದಿತ್ತು.

"ಶಾರದಾ, ನಿನ್ನ ಬ್ರೇಕ್ ಚಲೋನ ಇತ್ತು" ಎಂದೆ.

"ಗೊತ್ತೈತಿ. ನೀ ಒತ್ತಿದಾಗ ಗಾಲಿ ನಿಂತಿದ್ದು ನನಗ ಕಾಣಲಿಲ್ಲೇನು?"

"ಮತ್ತ ಅಲ್ಲೇ ಯಾಕ ಹೇಳಲಿಲ್ಲ?"

"ಮೂವತ್ತು ಮಂದಿ ಮುಂದ ನಿನ್ನ ಮಾತು ಸುಳ್ಳು ಅಂದ್ರ, ಮುಂದಿನ ಸಲ ನಿನ್ನ ಮುಂದ ಯಾರು ಸೈಕಲ್ ತಂದು ನಿಲ್ಲಸ್ತಾರ?" ಅವಳು ನೀರು ನಿಲ್ಲಿಸಿದಳು. "ಆದ್ರ ಒಂದು ಕೇಳ್ತೀನಿ. ಇವತ್ತು ಚಲೋ ಬ್ರೇಕಿಗೆ ಇಲ್ಲ ಅಂದಿ. ನನ್ನ ಕಾಲು ನೋವಾತು, ಅಷ್ಟ. ನಾಳೆ ಯಾರ ಮ್ಯಾಲೋ ಪ್ರೀತಿ ಹುಟ್ಟಿ, ಕೆಟ್ಟ ಬ್ರೇಕಿಗೆ ಹೂಂ ಅಂದ್ರ?"

ಅವಳು ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಬೈಯಲಿಲ್ಲ. ಕೈ ಮುರಿದುಕೊಂಡ ಆ ಹುಡುಗಿಯ ಅಳು ನೆನಪಾಯಿತು. ಅಷ್ಟರ ಮೇಲೂ, ಇಷ್ಟು ದೊಡ್ಡ ಮನಸ್ಸು ಇವಳಿಗೆ ಯಾಕಿದೆ, ನನಗೆ ಯಾಕಿಲ್ಲ ಎಂದು ಅವಳ ಮೇಲೂ ಹೊಟ್ಟೆಕಿಚ್ಚಾಯಿತು.

ಹೋಟೆಲಿನ ಎದುರು ನಿಂತು ಎಲ್ಲರಿಗೂ ಹೇಳಿದೆ. ಶಾರದವ್ವನ ಬ್ರೇಕು ಸರಿ ಇತ್ತು, ನಾನು ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದೆ, ಇನ್ನು ಮೇಲೆ ಬ್ರೇಕು ನೋಡುವುದು ರಮ್ಯಶ್ರೀ. ಒಬ್ಬಳು ಮಿರ್ಚಿ ಬಾಯಿಗೆ ಹಾಕಿಕೊಂಡವಳು ಅಗಿಯುವುದನ್ನೂ ಮರೆತಳು. ಹಳದಿ ಚೂರಿನ ಚೀಲವನ್ನು ರಮ್ಯಶ್ರೀಯ ಕೈಗಿಟ್ಟೆ. ಬೇಡ ಎನ್ನುತ್ತಾಳೆ ಎಂದು ಒಳಗೊಳಗೆ ಕಾದಿದ್ದೆ. ಅವಳು ಬೇಡ ಎನ್ನಲಿಲ್ಲ.

ಹೊರಡುವ ಮುಂಚೆ ಅವಳು ಶಾರದವ್ವನ ಸೈಕಲ್ಲು ನೋಡಿ ಚೂರು ಕಟ್ಟಿದಳು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮದೂ ನೋಡ್ತೆ ಅಕ್ಕಾ" ಎಂದಳು. ನಾಲ್ಕು ವರ್ಷದಲ್ಲಿ ನನ್ನ ಸೈಕಲ್ಲನ್ನು ಯಾರೂ ನೋಡಿರಲಿಲ್ಲ, ನೋಡುವವಳು ನಾನೇ ಆಗಿದ್ದೆನಲ್ಲ. ಮುಂದಿನ ಬ್ರೇಕು ಹಿಡಿಯಿತು. ಹಿಂದಿನದನ್ನು ಎರಡು ಸಲ ಒತ್ತಿದಳು, ಬಗ್ಗಿ ನೋಡಿದಳು.

"ಹಿಂದಿಂದು ಹಿಡೀತಾ ಇಲ್ಲೆ ಅಕ್ಕಾ. ಹತ್ತಬೇಡಿ."

ಎಲ್ಲರೂ ನನ್ನ ಮುಖ ನೋಡಿದರು. ನಾನು ಹತ್ತಲಿಲ್ಲ. ಶಾರದವ್ವ ಸೈಕಲ್ಲು ಏರುತ್ತಾ, "ಜೋಡಿ ಬರ್ತಿದ್ದೆ ದಾಕ್ಷಿ, ಆದ್ರ ಇವತ್ತಿನ ಪಾಲು ನಾ ಬರೋವಾಗಲೇ ನಡದಾಗೇತಿ" ಎಂದು ಹೊರಟಳು. ಪಕ್ಕದಲ್ಲಿ ರಮ್ಯಶ್ರೀ. ಉಳಿದ ಸೈಕಲ್ಲುಗಳ ಬೆಲ್ಲು ತಿರುವಿನಾಚೆ ಸಣ್ಣಗಾಯಿತು.

ಸುಳ್ಳು, ಬೇಕಂತಲೇ ಹೇಳಿದ್ದಾಳೆ, ಸೇಡು ತೀರಿಸಿಕೊಂಡಳು ಎಂದು ಪಟಪಟ ಬೈದುಕೊಳ್ಳುತ್ತಾ ಬಿಸಿಲಿನಲ್ಲಿ ಸೈಕಲ್ಲು ನೂಕಿದೆ. ಊರಾಚೆ ಯಾರೂ ಕಾಣದ ಕಡೆ ನಿಂತೆ. ಜೋರಾಗಿ ನೂಕಿ, ಬೆರಳು ನೋಯುವಷ್ಟು ಬಿಗಿಯಾಗಿ ಹಿಂದಿನ ಬ್ರೇಕು ಒತ್ತಿದೆ. ಗಾಲಿ ನಿಲ್ಲಲಿಲ್ಲ. ಹುಡುಗಿ ಇದ್ದದ್ದನ್ನೇ ಹೇಳಿದ್ದಳು.