ಮೂವತ್ತನಾಲ್ಕು ಚೀಲ ಮಣ್ಣು

ಆಸ್ಪತ್ರೆಯ ಲಾಂಡ್ರಿಯಲ್ಲಿ ಹದಿನಾಲ್ಕು ವರ್ಷದಿಂದ ಚಾದರ ಮಡಿಸುತ್ತಿದ್ದ ಆ ಹೆಂಗಸನ್ನು ಬೀದಿಯವರೆಲ್ಲ ಬೆಂಡೆಕಾಯಕ್ಕ ಎಂದೇ ಕರೆಯುತ್ತಿದ್ದರು. ಬಾಡಿಗೆ ಮನೆಯ ತಾರಸಿಯ ಮೇಲೆ ಅವಳು ಬೆಳೆಯುತ್ತಿದ್ದ ಬೆಂಡೆ ಅಷ್ಟು ಎಳಸಾಗಿರುತ್ತಿತ್ತು. ಕೇಳಿದವರಿಗೆ ಅವಳು ಇಲ್ಲ ಎಂದದ್ದೂ ಇಲ್ಲ. ಬೆಳಗಿನಿಂದ ಹಬೆಯಲ್ಲಿ ಬೆಂದು, ಬಿಳೀ ಬಟ್ಟೆಯನ್ನೇ ನೋಡಿ ನೋಡಿ ಕಣ್ಣು ಜಡ್ಡುಗಟ್ಟಿದ ಮೇಲೆ, ಸಂಜೆ ಹೋಗಿ ಬದನೆಯ ನೇರಳೆ, ಮೆಣಸಿನಕಾಯಿಯ ಕೆಂಪು ನೋಡಿದರೆ ಹೋದ ಜೀವ ಬಂದ ಹಾಗಾಗುತ್ತಿತ್ತು.

ಅರ್ಧಕ್ಕೆ ಮಣ್ಣು ತುಂಬಿ ಗಿಡ ನೆಟ್ಟ ಸಿಮೆಂಟ್ ಚೀಲಗಳು ಒಟ್ಟು ಮೂವತ್ತನಾಲ್ಕು. ಬಿಸಿಲೇರುವ ಮೊದಲು ಒಂದು ಸಲ, ಇಳಿದ ಮೇಲೆ ಒಂದು ಸಲ ನೀರು. ಕಾದ ತಾರಸಿ ಬೇರನ್ನೇ ಬೇಯಿಸಿಬಿಡುತ್ತದೆಂದು ಪ್ರತಿ ಚೀಲದಡಿಗೂ ಇಟ್ಟಿಗೆ ಚೂರು ಕೊಟ್ಟು, ಮಣ್ಣಿನ ಮೇಲೆ ಒಣಗಿದೆಲೆ ಹೊದಿಸಿದ್ದಳು.

ಬೆಂಡೆಕಾಯಕ್ಕನ ಸಂಸಾರ ನೆಲಮಹಡಿಯಲ್ಲಿ; ತಾರಸಿಯ ಕೆಳಗಿನ ಮಹಡಿಯಲ್ಲಿ ಮನೆಯ ಒಡತಿ ಇದ್ದಳು. ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತಳಾದ ಟೀಚರಮ್ಮ. ಬೇಸಿಗೆಯ ನಡುವೆ ಒಂದು ಸಂಜೆ ಅವಳು ಬೆಂಡೆಕಾಯಕ್ಕನನ್ನು ತನ್ನ ಮಲಗುವ ಕೋಣೆಗೆ ಕರೆದು ಚಾವಣಿ ತೋರಿಸಿದಳು. ಮಂಚದ ನೇರ ಮೇಲೆ ಚಾಪೆಯಗಲದ ತೇವದ ಕಲೆ.

"ದಿನಾ ಎಷ್ಟು ಬಕೆಟ್ ನೀರು ಸುರೀತೀಯ?"

"ಎಂಟು, ಟೀಚರಮ್ಮ. ಆದರೆ ಚೀಲದಿಂದ ಅಷ್ಟು ಹೊರಗೆ ಬರಲ್ಲ."

"ಎಂಟು ಬಕೆಟ್ ಎಲ್ಲಿಗೆ ಹೋಗುತ್ತೆ ಮತ್ತೆ? ಇದೇನು ದೊಡ್ಡ ಲೆಕ್ಕಾನ? ಹತ್ತು ದಿನದಲ್ಲಿ ಎಲ್ಲ ಇಳಿಸಿಬಿಡು."

ವಾದ ಮಾಡಲು ಬೆಂಡೆಕಾಯಕ್ಕನಲ್ಲಿ ತ್ರಾಣವಿರಲಿಲ್ಲ. ಗಂಡ ಬಸ್ಸಿನ ಡ್ರೈವರು; ಇಪ್ಪತ್ತು ವರ್ಷ ಸ್ಟೀರಿಂಗ್ ಹಿಡಿದು ಬೆನ್ನು ಕೈಕೊಟ್ಟಿತ್ತು, ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದರು. "ಕೂಲಿಯವರನ್ನು ಕರೆಯೋಣ," ಎಂದ. "ಅವರು ಗಿಡದ ಕತ್ತು ಹಿಡಿದು ಎತ್ತುತ್ತಾರೆ, ಬೇಡ," ಎಂದಳು.

ಕೆಲಸದಿಂದ ಬಂದ ಕಾಲಲ್ಲೇ ದಿನಕ್ಕೆ ನಾಲ್ಕು ಚೀಲ. ನಲವತ್ತೆರಡು ಮೆಟ್ಟಿಲು. ಚೀಲವನ್ನು ಮಗುವಿನಂತೆ ಅವುಚಿಕೊಂಡು, ಮುಂದಿನ ಮೆಟ್ಟಿಲು ಕಾಣದೆ ಕಾಲಿನಲ್ಲೇ ತಡಕಿಕೊಂಡು ಇಳಿಯುತ್ತಿದ್ದಳು. ಮೂರನೇ ದಿನಕ್ಕೆ ಸೊಂಟ ಬಿದ್ದುಹೋಯಿತು. ಐದನೇ ದಿನ ಲಾಂಡ್ರಿಯಲ್ಲಿ ಚಾದರದ ತುದಿ ಹಿಡಿಯಲು ಬೆರಳು ಮಡಚಲಿಲ್ಲ. "ಇನ್ನೆಷ್ಟು ಉಳಿದಿದೆ?" ಎಂದು ಗಂಡ ಕೇಳಿದ್ದಕ್ಕೆ, "ನಾನು ಉಳಿದರೆ ಹೇಳ್ತೀನಿ," ಎಂದಳು. ಇಬ್ಬರಿಗೂ ನಗು ಬಂತು, ಹೆಚ್ಚು ಹೊತ್ತು ನಿಲ್ಲಲಿಲ್ಲ.

ಕೆಳಗೆ ಕಾಂಪೌಂಡಿನ ಸಂದಿಯಲ್ಲಿ ಬಿಸಿಲು ಬೀಳುತ್ತಿದ್ದುದು ಅರ್ಧ ತಾಸು. ಬೆಂಡೆ ಮೊಗ್ಗು ಉದುರಿಸಿತು. ಬದನೆಯ ಎಲೆ ಹಳದಿಗೆ ತಿರುಗಿತು. ಒಂಬತ್ತನೇ ದಿನ ಕೊನೆಯ ಚೀಲ ಇಳಿಸಿದಾಗ ಮೊದಲನೆಯ ದಿನದವು ಆಗಲೇ ಬಾಡಿ ಬಿದ್ದಿದ್ದವು. ಅಷ್ಟೂ ಮಣ್ಣುಪಾಲು.

ಮತ್ತೆರಡು ವಾರಕ್ಕೆ ಪ್ಲಂಬರ್ ಬಂದು ಹೋದ. ತಾರಸಿ ಒಣಗಿ ಬಿರಿದಿದ್ದರೂ ಕಲೆ ಮಾತ್ರ ಗೋಡೆಗೂ ಇಳಿದಿತ್ತು. ಅವನು ಗೋಡೆ ಕೊರೆದು ನೋಡಿದರೆ, ತಾರಸಿಯ ಟ್ಯಾಂಕಿನಿಂದ ಟೀಚರಮ್ಮನ ಬಚ್ಚಲಿಗೆ ಇಳಿಯುವ ಪೈಪೇ ಒಳಗೆ ಸೀಳಿಹೋಗಿತ್ತು.

ಆ ಸಂಜೆ ಟೀಚರಮ್ಮ ತಾನೇ ಇಳಿದು ಬಂದು ಬಾಗಿಲಲ್ಲಿ ನಿಂತಳು.

"ನನ್ನ ಲೆಕ್ಕ ತಪ್ಪಿತ್ತು," ಎಂದಳು. "ಚೀಲಗಳನ್ನ ಮತ್ತೆ ಮೇಲಿಟ್ಕೋ."

ಬೆಂಡೆಕಾಯಕ್ಕ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂತಿದ್ದಳು. ಸಿಟ್ಟು ಬರಬೇಕಿತ್ತು. ಬರಲಿಕ್ಕೂ ಶಕ್ತಿ ಬೇಕು.

"ಆಗಲ್ಲ, ಟೀಚರಮ್ಮ. ನನ್ನಿಂದ ಆಗಲ್ಲ."

ಟೀಚರಮ್ಮ ಮೆಟ್ಟಿಲು ಹತ್ತಿದಳು.

ಮರುದಿನ ಕೆಲಸ ಮುಗಿಸಿ ಬಂದಾಗ ಮೆಟ್ಟಿಲ ತಿರುವಿನಲ್ಲಿ ಟೀಚರಮ್ಮ ಏದುಸಿರು ಬಿಡುತ್ತ ಕೂತಿದ್ದಳು. ಪಕ್ಕದಲ್ಲಿ ಬಟ್ಟೆ ನೆನೆಸುವ ಬೇಸಿನ್ನು, ಅದರ ತುಂಬ ಮಣ್ಣು. ಸೀರೆಯ ಅಂಚೆಲ್ಲ ಕೆಸರು.

"ಇದು ಮೂರನೇ ಸಲ," ಎಂದಳು. "ಬೇಸಿನ್ನಿನಲ್ಲಿ ಆರು ಸಲ ಹೊತ್ತರೆ ಒಂದು ಚೀಲ."

"ಈ ವಯಸ್ಸಲ್ಲಿ ಯಾಕೆ ನಿಮಗೆ ಇದೆಲ್ಲ? ಬಿದ್ದು ಕಾಲು ಮುರಿದ್ರೆ?"

"ನೀನು ಹೊತ್ತಾಗ ಬಾಗಿಲು ಹಾಕ್ಕೊಂಡು ಒಳಗೆ ಕೂತಿದ್ದೆ. ನೀನು ಇಳಿಯೋ ಸದ್ದು ಕೇಳ್ತಾನೇ ಇತ್ತು."

ಬೆಂಡೆಕಾಯಕ್ಕ ಚಪ್ಪಲಿ ಬಿಟ್ಟು, ಒಂದು ಮೆಟ್ಟಿಲು ಕೆಳಗೆ ತಾನೂ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ಎದ್ದು, ಬೇಸಿನ್ನಿನ ಒಂದೊಂದು ಕಿವಿ ಹಿಡಿದು ಮೇಲೆ ಹೋದರು.

ತಿಂಗಳು ಮುಗಿಯುವುದರೊಳಗೆ ಏಳು ಚೀಲ ತಾರಸಿ ಸೇರಿದವು. ಉಳಿದದ್ದು ಸಂದಿಯಲ್ಲೇ ಇತ್ತು. ಬೆಂಡೆಗೆ ಕಾಯುವ ತಾಳ್ಮೆ ಸಾಲದೆ ಬೆಂಡೆಕಾಯಕ್ಕ ಮೇಲಿನ ಏಳರಲ್ಲೂ ಹರಿವೆ ಬಿತ್ತಿದಳು, ಮೂರು ವಾರಕ್ಕೆ ಕೈಗೆ ಬರುತ್ತದೆಂದು.

"ಬೆಳಗಿನ ನೀರು ನಾನು ಹಾಕ್ತೀನಿ, ನೀನು ಇನ್ನರ್ಧ ಗಂಟೆ ಮಲಕ್ಕೋ," ಎಂದಳು ಟೀಚರಮ್ಮ.

ಹೇಳಿದಂತೆ ಹಾಕಿದಳು, ಹಾಕಬೇಕಾದ್ದಕ್ಕಿಂತ ಹೆಚ್ಚೇ. ಎರಡು ಚೀಲದ ಸಸಿ ಬುಡ ಕೊಳೆತು ಒರಗಿದವು. ಬೆಂಡೆಕಾಯಕ್ಕ ನೋಡಿದಳು, ಕಿತ್ತು ಬದಿಗೆ ಹಾಕಿದಳು, ಮತ್ತೆ ಬೀಜ ಚೆಲ್ಲಿದಳು. ಬೆಳಿಗ್ಗೆ ಮೇಲೆ ಬಕೆಟ್ಟಿನ ಸದ್ದಾದಾಗ ಅವಳಿಗೆ ಎಚ್ಚರವಾಗುತ್ತಿತ್ತು. ಏಳಬೇಕಾಗಿಲ್ಲವೆಂದು ನೆನಪಾಗಿ, ಮಗ್ಗುಲು ಬದಲಿಸಿ ಮತ್ತೆ ಕಣ್ಣು ಮುಚ್ಚುತ್ತಿದ್ದಳು.