ಬಸವಕ್ಕನ ರಕ್ತ ಕಾಯ್ದ ಕುರಿಗಳು

ಸೇತುಮಾಧವ ಡಾಕ್ಟರನೇನೋ ಹೌದು, ಆದರೆ ಮಾತ್ರೆ ಕೊಡುವ ಡಾಕ್ಟರನಲ್ಲ. ಈ ವ್ಯತ್ಯಾಸವನ್ನು ಆಂಧ್ರದ ಆದವಾನಿಯಲ್ಲಿ ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಹೆಂಗಸರಿಗೆ ತಿಳಿಹೇಳಲು ಮೊದಮೊದಲು ಪ್ರಯತ್ನಪಟ್ಟ. ಸೂಜಿ ಹಿಡಿದು ಬಂದು ರಕ್ತ ತೆಗೆಯುವವನು ಡಾಕ್ಟರಲ್ಲದೆ ಮತ್ತೇನು ಎಂದು ಅವರು ನಕ್ಕರು. ಅವನೂ ಸುಮ್ಮನಾದ. ಹಾಗೆ ಸುಮ್ಮನಾದದ್ದೇ ಮುಂದೆ ಮುಳುವಾಯಿತು.

ಊರಿನ ವೈಷ್ಣವರ ಮನೆಯ ಮಗ, ಹೈದರಾಬಾದಿನ ಒಂದು ಸಂಶೋಧನಾಲಯದಲ್ಲಿ ಕೆಲಸ. ಹತ್ತಿಯ ಧೂಳನ್ನು ಮಿಲ್ಲಿನವರೆಲ್ಲರೂ ಕುಡಿಯುತ್ತಾರೆ. ಕೆಲವರಿಗೆ ಮಾತ್ರ ರಜೆಯ ಮರುದಿನ ಎದೆ ಬಿಗಿಯುತ್ತದೆ, ವರ್ಷ ಕಳೆದಂತೆ ಉಸಿರೇ ಸೋಲುತ್ತದೆ. ಅಂಥವರ ರಕ್ತದಲ್ಲಿ ರೋಗವನ್ನು ತಡೆಯುವ ಬಿಳಿ ಕಣಗಳು ಕಡಿಮೆಯಾಗಿರುತ್ತವೆಯೇ ಎಂಬುದು ಅವನ ಪ್ರಶ್ನೆ. ಎಪ್ಪತ್ತಾರನೆಯ ಇಸವಿಯಿಂದ ಪ್ರತಿ ಹತ್ತಿಯ ಸುಗ್ಗಿಗೂ ಊರಿಗೆ ಬಂದು ಅದನ್ನೇ ಎಣಿಸುತ್ತಿದ್ದ.

ಎಣಿಸುವ ರೀತಿ ವಿಚಿತ್ರ. ಆ ಬಿಳಿ ಕಣಗಳನ್ನು ಕುರಿಯ ರಕ್ತದೊಡನೆ ಬೆರೆಸಿ ರಾತ್ರಿಯಿಡೀ ತಣ್ಣಗಿಟ್ಟರೆ, ಕುರಿಯ ಕೆಂಪು ಕಣಗಳು ಬಂದು ಒಂದೊಂದು ಬಿಳಿ ಕಣದ ಸುತ್ತಲೂ ಅಂಟಿಕೊಂಡು ಹೂವಿನಂತೆ ಕಾಣುತ್ತವೆ. ಹೂವು ಕಟ್ಟಿದ್ದು ಎಷ್ಟು, ಕಟ್ಟದ್ದು ಎಷ್ಟು, ಅಷ್ಟೇ ಲೆಕ್ಕ. ಕುರಿಯ ರಕ್ತವನ್ನು ಹೊಸ್ತಿಲು ದಾಟಿಸಿದರೆ ತಾನು ಹೊಸ್ತಿಲು ದಾಟಿ ಹೋಗುತ್ತೇನೆಂದು ತಾಯಿ ಹೆದರಿಸಿದ್ದರಿಂದ, ಅವನ ಸೀಸೆಗಳು ಗೋವಿಂದಪ್ಪನ ಸೋಡಾ ಅಂಗಡಿಯ ಫ್ರಿಜ್ಜಿನಲ್ಲಿ ಬಣ್ಣದ ಶರಬತ್ತಿನ ಪಕ್ಕದಲ್ಲಿ ಕೂರುತ್ತಿದ್ದವು. ಸೂಕ್ಷ್ಮದರ್ಶಕ ಊರಿನ ಕಾಲೇಜಿನದು. ಕುರಿ ಮಾತ್ರ ಆಲೂರು ರಸ್ತೆಯ ಭೀಮಲಿಂಗಪ್ಪನದು.

ಭೀಮಲಿಂಗಪ್ಪನ ಹೆಂಡತಿ ಬಸವಕ್ಕ ಮಿಲ್ಲಿನ ಹೆಂಗಸರಲ್ಲಿ ಬಾಯಿ ಜೋರು. ತನ್ನ ರಕ್ತ ಕುರಿಯ ರಕ್ತವನ್ನು ಹಿಡಿದುಕೊಳ್ಳುತ್ತದೆಂದು ಕೇಳಿದಾಗ ಸೆರಗಿನ ಹತ್ತಿ ಕೊಡವಿಕೊಳ್ಳುತ್ತ ಹೇಳಿದ್ದಳು:

"ನನ್ನ ಗಂಡ ಅಡವ್ಯಾಗ ಕುರಿ ಕಾಯ್ತಾನ, ನಾ ಮೈಯಾಗ ಕಾಯ್ತೀನಿ. ಕೂಲಿ ಮಾತ್ರ ಇಬ್ರಿಗೂ ಇಲ್ಲ."

ಅಂದಿನಿಂದ ಅದು ಅವಳ ಮತ್ತು ಸೇತುಮಾಧವನ ನಡುವಿನ ತಮಾಷೆಯಾಯಿತು. ಪ್ರತಿ ವರ್ಷ ಅವಳು ಹಿಂಡಿನ ಕ್ಷೇಮ ಕೇಳುವಳು. ಪ್ರತಿ ವರ್ಷ ಅವನು ಹಿಂಡು ತುಂಬಿದೆ ಎನ್ನುವನು. ಅದು ಸುಳ್ಳೇನೂ ಆಗಿರಲಿಲ್ಲ. ಅವಳ ಕೆಮ್ಮು ಹೆಚ್ಚಿದ ವರ್ಷವೂ ಹೂವುಗಳು ತುಂಬಿಯೇ ಇದ್ದವು. ಉಳಿದ ಹೆಂಗಸರದೂ ಹಾಗೆಯೇ. ಉಸಿರು ಸೋತವರಿಗೂ ಗಟ್ಟಿಯಾಗಿದ್ದವರಿಗೂ ಎಣಿಕೆಯಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ಎಂಬತ್ತನಾಲ್ಕರ ಹೊತ್ತಿಗೆ ಸೇತುಮಾಧವನ ಇಡೀ ದುಡಿಮೆಯ ಫಲ ಇದು: ತಾನು ಎಣಿಸುತ್ತ ಬಂದದ್ದಕ್ಕೂ ಆ ರೋಗಕ್ಕೂ ಸಂಬಂಧವಿಲ್ಲ. ಅಷ್ಟರಲ್ಲಿ ಕುರಿಯ ಹಂಗಿಲ್ಲದ ಹೊಸ ವಿಧಾನ ಬೇರೆ ದೇಶಗಳಿಂದ ಬಂದಿತ್ತು. ಈ ಕೆಲಸ ಮುಗಿಸಿಬಿಡಿ ಎಂದು ಮೇಲಿನವರು ನಯವಾಗಿಯೇ ಹೇಳಿದ್ದರು.

ಕೊನೆಯ ಸಲವೆಂದು ಅವನು ಊರಿಗೆ ಬಂದಾಗ ಬಸವಕ್ಕ ಗೋಡೆಗೆ ಒರಗಿ, ಎರಡು ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. ಆದರೂ ಮಿಲ್ಲಿಗೆ ಹೋಗುವುದು ಬಿಟ್ಟಿರಲಿಲ್ಲ. ಭೀಮಲಿಂಗಪ್ಪ ಅವನನ್ನು ಬೇವಿನ ಮರದಡಿ ಕರೆದೊಯ್ದ.

"ಮಿಲ್ಲು ಬಿಡು ಅಂದ್ರ ನಿಮ್ಮ ಹೆಸರು ಹೇಳ್ತಾಳ್ರಿ ಸಾರು. ಡಾಕ್ಟ್ರು ಹಿಂಡು ತುಂಬೈತಿ ಅಂದಾರ, ನಡುವ ನಿಂದೇನು ಅಂತಾಳ."

ಸೇತುಮಾಧವ ಒಳಗೆ ಹೋಗಿ ಅವಳೆದುರು ಕುಳಿತ. ಹಿಂಡಿಗೂ ಎದೆಗೂ ಸಂಬಂಧವಿಲ್ಲ, ಧೂಳು ಬಿಟ್ಟರೆ ಇನ್ನಷ್ಟು ಕೆಡುವುದಾದರೂ ನಿಂತೀತು ಎಂದು ತನಗೆ ಬಂದ ರೀತಿಯಲ್ಲೆಲ್ಲ ಹೇಳಿದ. ಬಸವಕ್ಕ ಕಣ್ಣು ಕಿರಿದು ಮಾಡಿ ಕೇಳಿದಳು.

"ಇಷ್ಟು ವರ್ಷ ರಕ್ತ ತಗೊಂಡು ಈಗ ಸಂಬಂಧ ಇಲ್ಲಂದ್ರ ಹೆಂಗ ಸಾರು? ಇವ ನಿಮ್ಮ ಕಿವಿ ಕಚ್ಯಾನ. ಇನ್ನೊಮ್ಮೆ ಎಣಿಸ್ರಿ. ಕಮ್ಮಿ ಇದ್ರ ಮಿಲ್ಲು ಬಿಡ್ತೀನಿ."

ತೋಳು ಚಾಚಿದಳು. ನರ ಹುಡುಕುವುದೇ ಕಷ್ಟವಾಯಿತು.

ಮರುದಿನ ಕಾಲೇಜಿನ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಡುವಾಗ, ಫಲ ಕೆಟ್ಟದ್ದೇ ಬರಲಿ ಎಂದು ಅವನು ಹರಕೆ ಹೊತ್ತವನಂತೆ ಬೇಡಿಕೊಂಡ. ಗಾಜು ಸರಿಸಿದಲ್ಲೆಲ್ಲ ಹೂವು. ತುಂಬಿದ, ದುಂಡನೆಯ, ಚೆಂದದ ಹೂವುಗಳು. ಇಷ್ಟು ವರ್ಷದಲ್ಲಿ ಒಂದೇ ಒಂದು ಅಂಕಿಯನ್ನೂ ಅವನು ತಿದ್ದಿದವನಲ್ಲ; ಅವನಲ್ಲಿ ಉಳಿದಿದ್ದ ಹೆಮ್ಮೆಯೆಂದರೆ ಅದೊಂದೇ. ಆಲೂರು ರಸ್ತೆಗೆ ನಡೆದು ಹೋಗುವಷ್ಟರಲ್ಲಿ ಅದನ್ನೂ ಬಿಟ್ಟ.

"ಕಮ್ಮಿ ಅದಾವ ಬಸವಕ್ಕ. ಅರ್ಧಕ್ಕರ್ಧ ತಪ್ಪಿಸ್ಕೊಂಡು ಹೋಗ್ಯಾವ."

ಅವಳು ಗೋಡೆಗೆ ಒರಗಿ ಉಸಿರು ಎಳೆದುಕೊಂಡಳು. ಆಮೇಲೆ ಕೇಳಿದಳು: "ಮತ್ತ ತಿರುಗಿ ಬರ್ತಾವೇನು?"

ಒಂದು ಸುಳ್ಳಿಗೆ ಸಿದ್ಧನಾಗಿ ಬಂದಿದ್ದವನಿಗೆ ಎರಡನೆಯದು ನಾಲಿಗೆಗೆ ಬರಲಿಲ್ಲ. ಹೋದ ಉಸಿರು ಹಿಂತಿರುಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅವಳು ಅವನ ಮುಖ ನೋಡಿದಳು; ಅಷ್ಟೇ ಸಾಕಾಯಿತು.

"ಪರವಾಲೇದು, ಗೊತ್ತಾತು ಬಿಡ್ರಿ," ಎಂದು ಸೆರಗು ಬಿಗಿದು ಎದ್ದಳು.

"ಎಲ್ಲಿಗೆ? ಕಮ್ಮಿ ಇದ್ರ ಬಿಡ್ತೀನಿ ಅಂದಿದ್ದೆಲ್ಲ?" ಎಂದ ಸೇತುಮಾಧವ.

"ಅಂದಿದ್ದೆ. ಬಿಟ್ರ ಉಳೀತೀನಿ ಅಂತ ತಿಳಿದು ಅಂದಿದ್ದೆ. ಉಳಿಯಂಗಿಲ್ಲ ಅಂದಮ್ಯಾಲ ಮನ್ಯಾಗ ಕುಂತು ಗ್ವಾಡಿ ನೋಡ್ಲೇನು?"

ಮಿಲ್ಲಿನ ಸೈರನ್ ಕೂಗಿತು. ಹಿಂಡು ತುಂಬಿಯೇ ಇದೆ ಎಂದು ಈಗ ನಿಜ ಹೇಳಿದರೆ ಅವಳು ನಗುತ್ತ ಹೋಗುತ್ತಾಳೆ. ಹೇಳದಿದ್ದರೆ ನಗದೆ ಹೋಗುತ್ತಾಳೆ. ಅವನು ಬಾಗಿಲವರೆಗೆ ಅವಳ ಹಿಂದೆ ಹೋದ. ಬಸವಕ್ಕ ರಸ್ತೆಯಲ್ಲಿ ನಿಂತು, ಉಸಿರು ಕೂಡಿಸಿಕೊಂಡು, ಮತ್ತೆ ನಡೆದು ಮರೆಯಾದಳು.

ಒಳಗಿನ ಮಾತೆಲ್ಲ ಕೇಳಿಸಿಕೊಂಡಿದ್ದ ಭೀಮಲಿಂಗಪ್ಪ ಆಗ ಅಲ್ಲಿರಲಿಲ್ಲ. ಹಿತ್ತಲ ದೊಡ್ಡಿಯಿಂದ ಒಂದು ಎಳೆಯ ಕುರಿಯ ಕೊರಳು ತಬ್ಬಿ ಎಳೆದುಕೊಂಡು ಬರುತ್ತಿದ್ದ. ಅಂಗಳದ ನಡುವೆ ಅದನ್ನು ಮೊಣಕಾಲಿನಿಂದ ಅದುಮಿ, ಕುತ್ತಿಗೆಯ ಉಣ್ಣೆಯನ್ನು ಬೆರಳಿಂದ ಸರಿಸಿ ಹಿಡಿದ.

"ನೀವು ರಕ್ತ ತೆಗೆದ ಆ ಕುರಿ ಮುದಿ ಆಗೈತ್ರಿ ಸಾರು. ಅದರ ರಕ್ತದಾಗ ಏನೋ ದೋಷ ಐತಿ, ಅದಕ್ಕ ಕಮ್ಮಿ ಬಂದೈತಿ. ಇದು ಚಲೋದೈತಿ. ಇದರದು ತಗೊಂಡು ಇನ್ನೊಮ್ಮೆ ನೋಡ್ರಿ."