ನೆಲಮಾಳಿಗೆಯ ಫ್ರಿಜ್ಜು

ಹದಿನೇಳನೆಯ ಕೀಲಿಯೂ ಹೊಂದಲಿಲ್ಲ. ಲವೋನ್ ಗೊಂಚಲನ್ನು ಕುಲುಕಿ ಹದಿನೆಂಟನೆಯದನ್ನು ಹಿಡಿದಳು. ನೆಲಮಾಳಿಗೆಯ ಮೂಲೆಯಲ್ಲಿ, ಬಟ್ಟೆ ಒಗೆಯುವ ಮೆಷಿನ್ನಿನ ಪಕ್ಕದಲ್ಲಿ, ಹಳೇ ಬಿಳಿ ಫ್ರಿಜ್ಜು ಗುರುಗುಡುತ್ತ ನಿಂತಿತ್ತು. ಅದಕ್ಕೆ ಚಿಲಕ ಜಡಿದು ಹಿತ್ತಾಳೆ ಬೀಗ ಹಾಕಿದವನು ಅವಳ ತಮ್ಮ ಎಲ್ಡನ್. ಆ ಎಲ್ಡನ್ ಈಗ ಚರ್ಚಿನಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದ. ಹನ್ನೊಂದು ಗಂಟೆಗೆ ಪ್ರಾರ್ಥನೆ, ಆಮೇಲೆ ಮಣ್ಣು.

"ಅರ್ಧ ಊರಿನ ಕೀಲಿ ಇಲ್ಲೇ ಇದೆಯಲ್ಲೇ. ನೀರಿನ ಮೀಟರ್ ನೋಡೋನಿಗೆ ಇಷ್ಟೊಂದು ಯಾಕೆ ಬೇಕಿತ್ತು?"

"ಹೋಗಿ ಅವನನ್ನೇ ಕೇಳು," ಎಂದಳು ವೆರ್ಲಾ. ಕಪ್ಪು ಉಡುಪಿನಲ್ಲಿ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. "ನಲವತ್ನಾಲ್ಕು ವರ್ಷ ಜೊತೆಗಿದ್ದ ಹೆಂಡತಿಗೇ ಹೇಳಲಿಲ್ಲ. ಅಕ್ಕನಿಗಾದ್ರೂ ಹೇಳ್ತಾನೇನೋ."

ಚಳಿಗೆ ಚರ್ಚಿನ ಕೆಳಗಿನ ಪೈಪು ಒಡೆದು ಊಟದ ಕೋಣೆಯೆಲ್ಲ ನೀರಾಗಿತ್ತು. ಎಲ್ಡನ್ ಬದುಕಿದ್ದರೆ ಒಂದೇ ನಿಮಿಷದಲ್ಲಿ ಎಲ್ಲಿ ತಿರುಗಿಸಬೇಕೋ ಅಲ್ಲಿ ತಿರುಗಿಸಿ ನಿಲ್ಲಿಸುತ್ತಿದ್ದ. ಅವನಿಲ್ಲದ್ದರಿಂದ ಅವನ ತಿಥಿಯೂಟ ಅವನ ಮನೆಗೇ ಬಂದಿತ್ತು. ಅಡುಗೆಮನೆಯ ಫ್ರಿಜ್ಜಿನಲ್ಲಿ ಹ್ಯಾಮು, ಆಲೂಗಡ್ಡೆ ಸಲಾಡು, ಕೆಂಪು ಜೆಲ್ಲಿಯ ಬೋಗುಣಿಗಳು ತುಂಬಿ ಬಾಗಿಲು ಮುಚ್ಚುತ್ತಿರಲಿಲ್ಲ.

"ಸಿಕ್ತೇನ್ರೇ? ಇನ್ನೂ ಮೂರು ಸಲಾಡ್ ಬಂತು!" ಪಕ್ಕದ ಮನೆಯ ಮಾರ್ಡೆಲ್ ಎರಡು ಬೋಗುಣಿ ಎದೆಗವಚಿಕೊಂಡು ಇಳಿದು ಬಂದಳು.

ವೆರ್ಲಾ ಬೀಗವನ್ನೇ ನೋಡುತ್ತಿದ್ದಳು. ಈ ಬೀಗ ಬಿದ್ದು ಹನ್ನೊಂದು ವರ್ಷ. ಮೊದಮೊದಲು ಒಳಗೆ ಹೆಂಡವಿದೆ ಅಂದುಕೊಂಡಿದ್ದಳು. ಅವನ ಬಾಯಿ ಒಮ್ಮೆಯೂ ನಾರಲಿಲ್ಲ. ಆಮೇಲೆ ಯಾವಳದೋ ಕಾಗದಗಳಿವೆ ಅಂದುಕೊಂಡಳು. ಕಾಗದವನ್ನು ಫ್ರಿಜ್ಜಿನಲ್ಲಿ ಯಾರಿಡುತ್ತಾರೆ ಎಂದು ಅನುಮಾನ ಕೇಳುವುದಿಲ್ಲ.

ಇಪ್ಪತ್ತಮೂರನೆಯ ಕೀಲಿಗೆ ಬೀಗ ತೆರೆಯಿತು.

ಹೆಂಡವೂ ಇಲ್ಲ, ಕಾಗದವೂ ಇಲ್ಲ. ಹಲಗೆಗಳ ತುಂಬ ಚಿಕ್ಕ ಚಿಕ್ಕ ಪ್ಲಾಸ್ಟಿಕ್ ಚೀಲಗಳು, ಒಳಗೆ ಒದ್ದೆ ಮರಳು. ಒಂದೊಂದರ ಕೊರಳಿಗೂ ಒಂದೊಂದು ಚೀಟಿ, ಚೀಟಿಯ ಮೇಲೆ ಎಲ್ಡನ್‌ನ ಗುಂಡು ಅಕ್ಷರದಲ್ಲಿ ಒಂದೊಂದು ಹೆಸರು.

"ಐರೀನ್," ಲವೋನ್ ಓದಿದಳು. "ಡಾರ್ಲಾ. ನಾರ್ಮಾ ಜೀನ್. ಮಾರ್ಡೆಲ್... ಅಯ್ಯೋ, ಎಲ್ಲಾ ಹೆಂಗಸರೇ!"

ಇಬ್ಬರೂ ಮಾರ್ಡೆಲ್ ಕಡೆ ತಿರುಗಿದರು.

"ನನ್ನನ್ಯಾಕೆ ಹಾಗೆ ನೋಡ್ತೀರಿ? ಈ ಮಂಡಿ ಇಟ್ಕೊಂಡು ಮೆಟ್ಟಿಲು ಹತ್ತೋಕೇ ಆಗಲ್ಲ ನಂಗೆ, ಇನ್ನು ಅದೊಂದು ಬೇರೆ ಕೇಡು!"

"ಡಾರ್ಲಾ ಅಂದ್ರೆ ಪಾದ್ರಿ ಹೆಂಡ್ತಿ ಕಣೇ," ಎಂದಳು ಲವೋನ್ ಪಿಸುದನಿಯಲ್ಲಿ. ಆಮೇಲೆ ಮೂಗು ಮುರಿದಳು. "ಏನೋ ಹುಚ್ಚು. ತೆಗೆದು ಹೊರಗೆ ಸುರಿದರಾಯ್ತು. ಹೊರಗಿನ ಮೆಟ್ಟಿಲೆಲ್ಲ ಮಂಜುಗಡ್ಡೆ ಕಟ್ಟಿದೆ. ಜನ ಜಾರೋದಾದ್ರೂ ತಪ್ಪುತ್ತೆ."

"ಮುಟ್ಟಬೇಡ!" ವೆರ್ಲಾ ಕೂಗಿದ ರಭಸಕ್ಕೆ ಅವಳಿಗೇ ಅಚ್ಚರಿಯಾಯಿತು. ಪ್ರೀತಿಯಿಂದ ಕೂಗಿದ್ದಲ್ಲ. ಹನ್ನೊಂದು ವರ್ಷಕ್ಕೆ ಸಿಕ್ಕ ಸಾಕ್ಷಿಯನ್ನು ಬೀದಿಗೆ ಸುರಿಯಲು ಅವಳು ಸಿದ್ಧಳಿರಲಿಲ್ಲ. ಕೆಳಗಿನ ಹಲಗೆಯಲ್ಲಿ ಎರಡು ಬೋಗುಣಿಗೆ ಜಾಗ ಮಾಡಿಕೊಟ್ಟು, ಬಾಗಿಲು ಮುಚ್ಚಿ, ಕೋಟು ಹಾಕಿಕೊಂಡು ಗಂಡನನ್ನು ಮಣ್ಣು ಮಾಡಲು ಹೊರಟಳು.

*

ಎಲ್ಡನ್‌ನ ಮೇಲೆ ವೆರ್ಲಾಳ ಅನುಮಾನ ಹುಟ್ಟಿದ್ದು ಒಂದು ಹೂವಿನಿಂದ.

ಅವಳ ತಾಯಿ ಆಲ್ಮಾ ತನ್ನ ಹೊಲದಂಚಿನ ಹುಲ್ಲುಗಾವಲಿನಿಂದ ಕೋನ್‌ಫ್ಲವರ್ ಬೀಜ ತಂದು ಮಗಳ ಅಡುಗೆಮನೆಯ ಗೋಡೆಯ ಬುಡಕ್ಕೆ ಹಾಕಿದ್ದಳು. ನೆಬ್ರಾಸ್ಕಾದಲ್ಲಿ ಈ ಹೂ ಎಲ್ಲರ ಹಿತ್ತಲಲ್ಲೂ ಇರುತ್ತದೆ, ನೇರಳೆ ಬಣ್ಣದ್ದು. ಆಲ್ಮಾಳದು ಬಿಳುಪು, ಅಂಚಿನಲ್ಲಿ ಮಾತ್ರ ಚೂರು ಗುಲಾಬಿ. ಉದ್ದನೆಯ ದಳಗಳು ಹಗ್ಗಕ್ಕೆ ಹಾಕಿದ ಒದ್ದೆ ಬಟ್ಟೆಯ ಹಾಗೆ ಕೆಳಕ್ಕೆ ಜೋಲುತ್ತಿದ್ದವು. ಚರ್ಚಿನ ಹೆಂಗಸರೆಲ್ಲ ಬೀಜ ಕೇಳಿ ಒಯ್ದರು. ಆದರೆ ಅವರವರ ಹಿತ್ತಲ ನೇರಳೆಯ ಜೊತೆ ಬೆರೆತು ಎರಡು ಮೂರು ವರ್ಷಕ್ಕೆ ಎಲ್ಲರದೂ ನೇರಳೆಯಾಯಿತು.

ಒಂದು ಭಾನುವಾರದ ಊಟಕ್ಕೆ ಆಲ್ಮಾ ಎಲ್ಲರೆದುರು ಅಳಿಯನನ್ನು ಕೇಳಿದಳು: "ಅಲ್ಲಪ್ಪ, ಮೀಟರ್ ನೋಡೋ ಕೆಲಸಕ್ಕೆ ಲೆಕ್ಕ ಬರಬೇಕಾ, ಇಲ್ಲಾ ಅಂಕಿ ಗುರುತು ಸಿಕ್ಕಿದ್ರೆ ಸಾಕಾ?" ಎಲ್ಲರೂ ನಕ್ಕರು. ವೆರ್ಲಾ ಕೂಡ ನಕ್ಕಳು. ಎಲ್ಡನ್ ಮಾಂಸ ಅಗಿಯುತ್ತ ತಟ್ಟೆ ನೋಡಿದ.

ಸೋಮವಾರ ಅವನು ಕಳೆಗೆ ಔಷಧಿ ಹೊಡೆದ. ಗುರುವಾರದ ಹೊತ್ತಿಗೆ ಅಡುಗೆಮನೆಯ ಗೋಡೆಯ ಹೂವು ಬುಡದವರೆಗೂ ಕಪ್ಪಾಗಿತ್ತು.

"ಕಳೆ ಅನ್ಕೊಂಡೆ," ಎಂದ.

"ಸೊಂಟದೆತ್ತರ ಇತ್ತು. ಹೂ ಬಿಟ್ಟಿತ್ತು!"

"ಕಳೆ ಅನ್ಕೊಂಡೆ ವೆರ್ಲಾ."

ಆ ಚಳಿಗಾಲದಲ್ಲಿ ಆಲ್ಮಾ ತೀರಿಕೊಂಡಳು. ಹೊಲ ಮಾರಾಟವಾಗಿ, ಹುಲ್ಲುಗಾವಲು ಉಳುಮೆಯಾಗಿ ಮುಸುಕಿನ ಜೋಳ ಎದ್ದಿತು. ಆ ಹೂವು ಮತ್ತೆಲ್ಲೂ ಉಳಿಯಲಿಲ್ಲ. ಬೇಕಂತಲೇ ಹೊಡೆದನೋ, ನಿಜಕ್ಕೂ ಕಾಣಲಿಲ್ಲವೋ ಎನ್ನುವುದು ವೆರ್ಲಾಳಿಗೆ ಹಲ್ಲಿನ ಸಂದಿಯ ನಾರಿನಂತೆ ಉಳಿದುಬಿಟ್ಟಿತು. ಅವನು ಕಾಫಿ ಮಾಡಿಕೊಟ್ಟರೂ, ಜ್ವರದಲ್ಲಿ ಕಾಲೊತ್ತಿದರೂ, ಅವಳ ಮನಸ್ಸು ಅಲ್ಲಿಗೇ ಹೋಗುತ್ತಿತ್ತು.

ಬೀಗ ಬಂದದ್ದು ಕೆಲವು ವರ್ಷಗಳ ಮೇಲೆ. ಒಂದು ಬೆಳಿಗ್ಗೆ ಅಡುಗೆಮನೆಯ ಫ್ರಿಜ್ಜಿನಲ್ಲಿ, ಮೊಟ್ಟೆಗಳ ಹಿಂದೆ, ಅವಳಿಗೆ ಒದ್ದೆ ಮರಳಿನ ಚೀಲ ಸಿಕ್ಕಿತು. ಗಲೀಜು ಎಂದು ಬೈದುಕೊಂಡು ಹೊರಗಿನ ಮಂಜುಗಟ್ಟಿದ ಮೆಟ್ಟಿಲ ಮೇಲೆ ಎರಚಿ ಬಂದಳು. ಸಂಜೆ ಎಲ್ಡನ್ ಆ ಮೆಟ್ಟಿಲನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದ. ಶನಿವಾರ ಹಳೇ ಫ್ರಿಜ್ಜು ಮನೆಗೆ ಬಂತು, ಜೊತೆಗೆ ಬೀಗವೂ ಬಂತು.

*

ಚರ್ಚಿನಲ್ಲಿ ಪಾದ್ರಿ ಎಲ್ಡನ್‌ನ ಪ್ರಾಮಾಣಿಕತೆಯ ಬಗ್ಗೆ ಮಾತಾಡಿದರು. ವೆರ್ಲಾ ಪಾದ್ರಿಯ ಹೆಂಡತಿಯನ್ನು ನೋಡುತ್ತಿದ್ದಳು. ಡಾರ್ಲಾ ಕರವಸ್ತ್ರದಿಂದ ಕಣ್ಣೊತ್ತಿಕೊಂಡಳು. ಇವಳಿಗ್ಯಾಕೆ ಅಳು? ಸ್ಮಶಾನದಲ್ಲಿ ಒಬ್ಬೊಬ್ಬಳೇ ಬಂದು ಕೈಹಿಡಿದಾಗ ವೆರ್ಲಾ ಮುಖಕ್ಕೂ ಚೀಟಿಗೂ ತಾಳೆ ಹಾಕಿದಳು. ನಾರ್ಮಾ ಜೀನ್ ತುಟಿಗೆ ಬಣ್ಣ ಬಳಿದುಕೊಂಡಿದ್ದಳು. ಐರೀನ್‌ಗೆ ಎಂಬತ್ತನಾಲ್ಕು, ನಾಲ್ಕು ಕಾಲಿನ ಊರುಗೋಲು ಹಿಡಿದು ಬಂದಿದ್ದಳು. ಆದರೂ ವೆರ್ಲಾ ಅವಳನ್ನು ಪಟ್ಟಿಯಿಂದ ತೆಗೆಯಲಿಲ್ಲ.

ಊಟಕ್ಕೆ ಮನೆ ತುಂಬಿತು. ಹೆಂಗಸರ ಗುಂಪಿನ ನಡುವೆ ಮಾರ್ಡೆಲ್‌ಗೆ ಹೊಟ್ಟೆಯೊಳಗಿನ ಗುಟ್ಟು ತಡೆಯಲಾಗಲಿಲ್ಲ. ಕೆಳಗಿನ ಚೀಲಗಳ ವಿಷಯ ಬಾಯಿಬಿಟ್ಟಳು.

"ನನ್ನ ಹೆಸರಾ?" ಐರೀನ್ ಖುಷಿಯಿಂದಲೇ ಕೇಳಿದಳು. "ಮರಳು ಯಾಕಂತೆ?"

"ಮರಳಿನ ಜೊತೆ ಬೀಜ ಇತ್ತು ಕಣ್ರೇ, ನಾನು ನೋಡಿದೆ," ಎಂದಳು ಮಾರ್ಡೆಲ್. "ಕೋನ್‌ಫ್ಲವರ್ ಬೀಜ. ಒದ್ದೆ ಮರಳಲ್ಲಿ ಚಳಿ ತಿನ್ನಿಸಿದರೆ ಚೆನ್ನಾಗಿ ಹುಟ್ಟುತ್ತೆ. ತಡೀರಿ, ಪ್ರತಿ ವರ್ಷ ನನ್ನ ಹಿತ್ತಲಲ್ಲಿ ಒಣಗಿದ ಹೂವಿನ ತಲೆ ಯಾರೋ ಮುರಕೊಂಡು ಹೋಗ್ತಿದ್ರು. ಸುಳ್ಳು ಯಾಕೆ ಹೇಳಲಿ ವೆರ್ಲಾ, ನೀನೇ ಅನ್ಕೊಂಡಿದ್ದೆ."

"ನಂದೂ ಮುರೀತಿದ್ರು," ಎಂದಳು ಡಾರ್ಲಾ. "ನಾನು ಹಕ್ಕಿ ಮೇಲೆ ಹಾಕಿದ್ದೆ."

"ಎಲ್ಲರ ಹಿತ್ತಲಿಗೂ ಹೋಗೋನು ಒಬ್ಬನೇ," ಎಂದಳು ನಾರ್ಮಾ ಜೀನ್. "ಮೀಟರ್ ನೋಡೋನು."

ಎಲ್ಡನ್‌ನ ಜೊತೆ ನೀರಿನ ಇಲಾಖೆಯಲ್ಲಿ ದುಡಿದ ಡ್ವೇನ್ ಬಾಗಿಲ ಬಳಿ ಕಾಫಿ ಲೋಟ ಹಿಡಿದು ನಿಂತಿದ್ದ. ಅವನ ಕಿವಿ ಕೆಂಪಾಗಿದ್ದನ್ನು ವೆರ್ಲಾ ನೋಡಿದಳು.

"ನಿನಗೇನೋ ಗೊತ್ತು, ಡ್ವೇನ್."

"ನಂಗೇನೂ..."

"ಇವತ್ತು ನನ್ನ ಹತ್ರ ಸುಳ್ಳು ಹೇಳಬೇಡ."

ಡ್ವೇನ್ ಲೋಟ ಕೆಳಗಿಟ್ಟ. "ಪಂಪ್‌ಹೌಸ್ ಹಿಂದೆ ಆ ಬೀಜ ಹಾಕಿ ಒಂದು ಸಾಲು ಬೆಳೀತಿದ್ದ, ವೆರ್ಲಾ ಅವ್ರೇ. ವಸಂತದಲ್ಲಿ ಬಿತ್ತೋದು, ಎರಡನೇ ಬೇಸಿಗೆಗೆ ಹೂ ನೋಡೋದು, ನೇರಳೆ ಆದ್ರೆ ಕಿತ್ತುಹಾಕೋದು. ಮತ್ತೆ ಬಿತ್ತೋದು. ಹದಿನೈದು ವರ್ಷ ಇದೇ ಕಥೆ. ಯಾವ ಬಣ್ಣ ಬೇಕಯ್ಯಾ ನಿಂಗೆ ಅಂದ್ರೆ, ಬಂದಾಗ ಗೊತ್ತಾಗುತ್ತೆ ಅನ್ನೋನು. ಹೋದ ಜುಲೈಲಿ ಐರೀನ್ ಅವರ ಬೀಜದಲ್ಲಿ ಒಂದು ಬೆಳ್ಳಗೆ ಬಂತು, ದಳ ಹೀಗೆ ಕೆಳಗೆ ಜೋತ್ಕೊಂಡು. ಟೋಪಿ ತೆಗೆದು ನೆಲದ ಮೇಲೇ ಕೂತುಬಿಟ್ಟ."

"ನನಗ್ಯಾಕೆ ಹೇಳಲಿಲ್ಲ?"

"ನಾನೂ ಕೇಳಿದೆ. ಹೇಳಿದ್ರೆ ಅವಳಿಗೆ ಗೊತ್ತಾಗಿಬಿಡುತ್ತೆ ಅಂದ."

"ಏನು ಗೊತ್ತಾಗುತ್ತೆ?"

"ಅದನ್ನ ಹೇಳಲಿಲ್ಲ. ಬೇರು ಆಳ ಹೋಗಿದೆ, ಕಿತ್ತರೆ ಉಳಿಯಲ್ಲ, ಅದರ ಬೀಜದಿಂದಲೇ ಎಬ್ಬಿಸಿ ಅಡುಗೆಮನೆ ಪಕ್ಕ ಹಾಕ್ತೀನಿ ಅಂದ. ಅಷ್ಟರಲ್ಲಿ..."

ಮಾತು ಮುಗಿಯುವ ಮೊದಲೇ ಕಿಟಕಿಯಾಚೆ ಲವೋನ್ ಕಾಣಿಸಿದಳು. ಹೊರಗಿನ ಮೆಟ್ಟಿಲ ಮೇಲೆ ಬಗ್ಗಿ, ಕೋಳಿಗೆ ಕಾಳು ಹಾಕುವ ಹಾಗೆ, ಮರಳು ಎರಚುತ್ತಿದ್ದಳು.

ವೆರ್ಲಾ ಕೋಟಿಲ್ಲದೆ ಓಡಿದಳು.

"ಏನೇ ನಿಂದು ಅವಸರ? ಐರೀನ್ ಬಿದ್ದು ಸೊಂಟ ಮುರ್ಕೊಂಡ್ರೆ ಗತಿ ಏನು?" ಎಂದಳು ಲವೋನ್. ಐದು ಖಾಲಿ ಚೀಲ ಅವಳ ಕಾಲಬಳಿ ಬಿದ್ದಿದ್ದವು. ಡಾರ್ಲಾ, ನಾರ್ಮಾ ಜೀನ್, ಮಾರ್ಡೆಲ್ ಎಲ್ಲರೂ ಮಂಜುಗಡ್ಡೆಯ ಮೇಲೆ ಹರಡಿದ್ದರು. ಆರನೆಯ ಚೀಲದ ಗಂಟನ್ನು ಅವಳು ಹಲ್ಲಿನಿಂದ ಬಿಚ್ಚುತ್ತಿದ್ದಳು. "ಇದು ಹಿಂದುಗಡೆ ಮೂಲೆಯಲ್ಲಿತ್ತು. ಬಟ್ಟೆ ಬೇರೆ ಸುತ್ತಿದ್ದ ಪುಣ್ಯಾತ್ಮ."

ವೆರ್ಲಾ ಅದನ್ನು ಕಿತ್ತುಕೊಂಡಳು. ಚೀಟಿಯ ಮೇಲೆ ಆಲ್ಮಾ ಎಂದು ಬರೆದಿತ್ತು.

ಬಿದ್ದಿದ್ದ ಚೀಟಿಗಳಲ್ಲಿ ಒಂದನ್ನು ಹೆಕ್ಕಿ ತಿರುಗಿಸಿದಳು. ಹಿಂದೆ ವರ್ಷಗಳು ಒಂದರ ಕೆಳಗೊಂದು ಇದ್ದವು, ಪ್ರತಿ ವರ್ಷದ ಮುಂದೆಯೂ ಅದೇ ಎರಡು ಮಾತು: ನೇರಳೆ, ಅಲ್ಲ. ನೇರಳೆ, ಅಲ್ಲ. ಆಲ್ಮಾಳ ಚೀಟಿಯ ಹಿಂದೆ ಒಂದೇ ಸಾಲಿತ್ತು: ಏಪ್ರಿಲ್ ಹತ್ತಕ್ಕೆ ಹೊರಗೆ ತೆಗೆಯುವುದು.

ಕಾಣದೆ ಔಷಧಿ ಹೊಡೆದವನು ಒಂದು ಸಲ ಕ್ಷಮಿಸು ಅಂದು ಮುಗಿಸುತ್ತಿದ್ದ. ಹದಿನೈದು ವರ್ಷ ಕದ್ದುಮುಚ್ಚಿ ಊರ ಹಿತ್ತಲುಗಳನ್ನು ಜಾಲಾಡುತ್ತಿರಲಿಲ್ಲ.

"ಬೇಕಂತಲೇ ಮಾಡಿದ್ದ," ಎಂದಳು ವೆರ್ಲಾ.

"ಏನೇ?"

"ಬೇಕಂತಲೇ ಹೊಡೆದಿದ್ದ ಕಣೇ. ನಂಗೊತ್ತಿತ್ತು! ಮೊದಲಿಂದ ನಂಗೊತ್ತಿತ್ತು!" ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಚರ್ಚಿನಲ್ಲಿ ಬಾರದ ಅಳು. ಅಷ್ಟು ವರ್ಷ ಅವಳು ಸಿಟ್ಟಾಗಿದ್ದದ್ದು ನಿಜವಾದ ತಪ್ಪಿಗೇ ಆಗಿತ್ತು, ಮತ್ತು ಆ ತಪ್ಪನ್ನು ಹೊತ್ತವನು ಅವಳೊಬ್ಬಳಿಗೆ ಕಾಣದಂತೆ ಮಂಡಿಯೂರಿ ಕೂತಿದ್ದ. ಅವಳಿಗೆ ಅವನ ಮೇಲೆ ಕೋಪವೂ ಬಂತು, ಅವನು ಬೇಕು ಎಂದೂ ಅನ್ನಿಸಿತು.

ಒಳಗೆ ಬಂದು, ಬಿಚ್ಚಿದ್ದ ಗಂಟನ್ನು ಬಿಗಿದು, ನೆಲಮಾಳಿಗೆಗೆ ಇಳಿದಳು. ಚೀಲಕ್ಕೆ ಬಟ್ಟೆ ಸುತ್ತಿ ಹಿಂದಿನ ಮೂಲೆಯಲ್ಲೇ ಇಟ್ಟಳು. ಕೆಳಗಿನ ಹಲಗೆಯ ಎರಡು ಬೋಗುಣಿಗಳನ್ನು ಹೊರಗೆಳೆದು, ಬೆನ್ನಿಗೇ ಬಂದ ಲವೋನ್‌ಳ ಕೈಗೆ ಕೊಟ್ಟಳು.

"ಇದನ್ನೆಲ್ಲಿಡಲಿ?"

"ಹೊರಗೆ ಹಿಮ ಇಲ್ವಾ? ಹಿಮದಲ್ಲಿಡು."

"ಮರಳಿಗೋಸ್ಕರ..."

ವೆರ್ಲಾ ಬೀಗ ಒತ್ತಿದಳು. ಬಿದ್ದಿದೆಯೋ ಇಲ್ಲವೋ ಎಂದು ಎರಡು ಸಲ ಜಗ್ಗಿ ನೋಡಿದಳು. ಗೊಂಚಲಿನಿಂದ ಇಪ್ಪತ್ತಮೂರನೆಯ ಕೀಲಿಯನ್ನು ಬಿಡಿಸಿ, ನಾದಿನಿಯ ಮುಖವನ್ನೇ ಅನುಮಾನದಿಂದ ನೋಡುತ್ತ, ಅದನ್ನು ತನ್ನ ಕಪ್ಪು ಉಡುಪಿನ ಕೊರಳೊಳಗೆ ಇಳಿಬಿಟ್ಟುಕೊಂಡಳು.